ಬೆಟ್ಟ ಸುಮ್ಮನಿದ್ದ ವರ್ಷಗಳು: ಸೇಂಟ್ ವಿನ್ಸೆಂಟ್ ದ್ವೀಪದ ಜ್ವಾಲಾಮುಖಿ ಮತ್ತು ಮುನ್ನೆಚ್ಚರಿಕೆಯ ಇತಿಹಾಸ

ಕೆರಿಬಿಯನ್ ಸಮುದ್ರದ ಪೂರ್ವದ ಅಂಚಿನಲ್ಲಿರುವ ಸೇಂಟ್ ವಿನ್ಸೆಂಟ್ ದ್ವೀಪದ ಉತ್ತರ ತುದಿಯಲ್ಲಿ ಲಾ ಸೂಫ್ರಿಯೇರ್ ಎಂಬ ಜ್ವಾಲಾಮುಖಿ ಪರ್ವತವಿದೆ. 1902ರ ಮೇ 7ರಂದು ಅದು ಸಿಡಿದಾಗ ಸುಮಾರು 1,600 ಜನ ಒಂದೇ ಮಧ್ಯಾಹ್ನದಲ್ಲಿ ಸತ್ತರು. ಅದೇ ಪರ್ವತ 2021ರ ಏಪ್ರಿಲ್ 9ರಂದು ಮತ್ತೆ ಸಿಡಿದು, ಎರಡು ವಾರಗಳ ಕಾಲ ಬೂದಿಯನ್ನು ಆಕಾಶಕ್ಕೆ ಚಿಮ್ಮಿಸಿ, ಅವೇ ಇಳಿಜಾರುಗಳನ್ನು ಸುಟ್ಟುಹಾಕಿದಾಗ ಸ್ಫೋಟಕ್ಕೆ ನೇರವಾಗಿ ಬಲಿಯಾದವರು ಯಾರೂ ಇರಲಿಲ್ಲ. ಈ ಎರಡು ದಿನಗಳ ನಡುವಿನ 119 ವರ್ಷಗಳಲ್ಲಿ ಬೆಟ್ಟದ ಸ್ವಭಾವ ಬದಲಾಗಲಿಲ್ಲ, ಬೆಟ್ಟದ ಬುಡದ ಊರುಗಳೂ ಬಹುಮಟ್ಟಿಗೆ ಅಲ್ಲಿಯೇ ಉಳಿದವು. ಬದಲಾದದ್ದು ಆ ಬೆಟ್ಟವನ್ನು ಕಾಯುವ ವ್ಯವಸ್ಥೆ, ಅದು ಕೊಟ್ಟ ಸೂಚನೆಗಳನ್ನು ಓದುವ ವಿದ್ಯೆ, ಮತ್ತು ಓದಿದ್ದನ್ನು ಸಮಯಕ್ಕೆ ಸರಿಯಾಗಿ ಜನರಿಗೆ ಮುಟ್ಟಿಸುವ ಕ್ರಮ. ಇವು ಒಂದೇ ಸಲಕ್ಕೆ ಬಂದವಲ್ಲ. ಪ್ರತಿಯೊಂದರ ಹಿಂದೆಯೂ ಒಂದು ವಿಪತ್ತಿನ ಪಾಠ, ಆ ಪಾಠ ಮರೆತುಹೋದ ದೀರ್ಘ ಅವಧಿ, ಮತ್ತೆ ಅದನ್ನು ಕಲಿಯಬೇಕಾಗಿ ಬಂದ ಸಂದರ್ಭ ಇವೆ.

ಸೇಂಟ್ ವಿನ್ಸೆಂಟ್ ಮತ್ತು ಗ್ರೆನಡೀನ್ಸ್ ಎಂಬ ಇಂದಿನ ರಾಷ್ಟ್ರದ ಮುಖ್ಯ ದ್ವೀಪವಾದ ಸೇಂಟ್ ವಿನ್ಸೆಂಟ್ ಉತ್ತರದಿಂದ ದಕ್ಷಿಣಕ್ಕೆ ಸುಮಾರು 29 ಕಿಲೋಮೀಟರ್ ಉದ್ದ, 18 ಕಿಲೋಮೀಟರ್ ಅಗಲವಿದ್ದು, ಇಡೀ ದೇಶದ ಜನಸಂಖ್ಯೆ ಒಂದು ಲಕ್ಷಕ್ಕೆ ತುಸು ಹೆಚ್ಚು. ಅಟ್ಲಾಂಟಿಕ್ ಸಾಗರದ ತಳದ ಭೂಫಲಕ, ಅಂದರೆ ಭೂಮಿಯ ಹೊರಚಿಪ್ಪಿನ ಒಂದು ಬೃಹತ್ ಹಾಳೆ, ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರ್ ವೇಗದಲ್ಲಿ ಕೆರಿಬಿಯನ್ ಭೂಫಲಕದ ಅಡಿಗೆ ಜಾರುತ್ತಿರುವುದರಿಂದ, ಆಳದಲ್ಲಿ ಶಿಲೆ ಕರಗಿ ಶಿಲಾಪಾಕವಾಗಿ ಮೇಲೇರಿ, ಉತ್ತರದ ಸೇಬಾದಿಂದ ದಕ್ಷಿಣದ ಗ್ರೆನಡಾದವರೆಗೆ ಬಿಲ್ಲಿನಾಕಾರದ ಜ್ವಾಲಾಮುಖಿ ದ್ವೀಪಮಾಲೆಯನ್ನು ನಿರ್ಮಿಸಿದೆ. ಈ ಮಾಲೆಯ ಹಲವು ದ್ವೀಪಗಳಲ್ಲಿ ಗಂಧಕದ ಹೊಗೆಯಾಡುವ ತಾಣಗಳನ್ನೆಲ್ಲ ಫ್ರೆಂಚರು ಸೂಫ್ರಿಯೇರ್ ಎಂದೇ ಕರೆದದ್ದರಿಂದ, ಗ್ವಾಡೆಲೂಪ್ ಮತ್ತು ಮಾಂಟ್ಸೆರಾಟ್ ದ್ವೀಪಗಳಲ್ಲೂ ಅದೇ ಹೆಸರಿನ ಬೆಟ್ಟಗಳಿವೆ. ಸೇಂಟ್ ವಿನ್ಸೆಂಟಿನ ಸೂಫ್ರಿಯೇರ್ ಸುಮಾರು 1,200 ಮೀಟರ್ ಎತ್ತರಕ್ಕೆ ಏರಿ, ನೆತ್ತಿಯಲ್ಲಿ ಒಂದೂವರೆ ಕಿಲೋಮೀಟರಿಗಿಂತ ಅಗಲವಾದ ಕುಳಿಯನ್ನು ಹೊತ್ತಿದೆ.

ಇಂಥ ಪರ್ವತದ ಅಪಾಯವೆಂದರೆ ಕೆಂಪಗೆ ಹರಿಯುವ ಲಾವಾರಸವೆಂದು ದೂರದವರು ಭಾವಿಸುವುದುಂಟು. ಈ ದ್ವೀಪಗಳ ಶಿಲಾಪಾಕ ಮಂದವಾಗಿದ್ದು ಅನಿಲವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ ಅಪಾಯದ ರೂಪ ಇಲ್ಲಿ ಬೇರೆ. ಒತ್ತಡ ಮಿತಿಮೀರಿದಾಗ ಶಿಲಾಪಾಕ ಪುಡಿಪುಡಿಯಾಗಿ ಸಿಡಿದು, ಕಾದ ಬೂದಿ, ಕಲ್ಲು ಮತ್ತು ಅನಿಲಗಳ ಮಿಶ್ರಣ ನೆಲಕ್ಕಂಟಿಕೊಂಡು ಕಣಿವೆಗಳ ಮೂಲಕ ಓಟದ ವಾಹನಕ್ಕಿಂತ ವೇಗವಾಗಿ ಸಮುದ್ರದತ್ತ ನುಗ್ಗುತ್ತದೆ. ಇದಕ್ಕೆ ವಿಜ್ಞಾನಿಗಳು ಪೈರೋಕ್ಲಾಸ್ಟಿಕ್ ಪ್ರವಾಹ ಎನ್ನುತ್ತಾರೆ. ಅದರ ದಾರಿಯಲ್ಲಿ ಸಿಕ್ಕವರು ಬದುಕುವುದು ಬಹುತೇಕ ಅಸಾಧ್ಯವಾದ್ದರಿಂದ, ಅದು ಹೊರಡುವ ಮೊದಲೇ ದೂರ ಹೋಗಿರುವುದೊಂದೇ ಪಾರಾಗುವ ದಾರಿ. ಮೇಲಕ್ಕೆ ಚಿಮ್ಮಿದ ಬೂದಿ ಗಾಳಿ ಒಯ್ದತ್ತ ಸುರಿದು ಛಾವಣಿಗಳನ್ನು ಕುಸಿಯುವಂತೆ ಮಾಡುತ್ತದೆ, ಕುಡಿಯುವ ನೀರನ್ನು ಕೆಡಿಸುತ್ತದೆ, ಬೆಳೆಯನ್ನು ಮುಚ್ಚಿಹಾಕುತ್ತದೆ. ಸ್ಫೋಟ ನಿಂತ ಮೇಲೂ ಇಳಿಜಾರಿನಲ್ಲಿ ರಾಶಿಬಿದ್ದ ಬೂದಿ ಮಳೆಗೆ ಕಲಸಿ, ಹಸಿ ಕಾಂಕ್ರೀಟಿನಂತೆ ಗಟ್ಟಿಯಾದ ಕೆಸರಿನ ಹೊಳೆಯಾಗಿ ಇಳಿದು ಸೇತುವೆ ರಸ್ತೆಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಲಾಹಾರ್ ಎಂದು ಕರೆಯಲಾಗುವ ಈ ಕೆಸರುಹೊಳೆಯ ಭೀತಿ ವರ್ಷಗಟ್ಟಲೆ ಉಳಿಯುತ್ತದೆ.

ಬರವಣಿಗೆಯ ದಾಖಲೆಗೆ ಬಂದ ಮೊದಲ ಸ್ಫೋಟ 1718ರ ಮಾರ್ಚ್ ತಿಂಗಳಿನದು. ಆ ಕಾಲದಲ್ಲಿ ದ್ವೀಪ ಯಾವ ಯುರೋಪಿಯನ್ ರಾಜ್ಯದ ಅಧೀನದಲ್ಲೂ ಇರಲಿಲ್ಲ. ಮೂಲನಿವಾಸಿಗಳಾದ ಕಲಿನಾಗೊ ಜನರೂ, ಅವರೊಡನೆ ಆಫ್ರಿಕನ್ ಮೂಲದವರು ಬೆರೆತು ರೂಪುಗೊಂಡ ಗರಿಫುನಾ ಸಮುದಾಯವೂ ಅಲ್ಲಿ ಸ್ವತಂತ್ರವಾಗಿ ಬಾಳುತ್ತಿದ್ದವು. ಅವರು ಕಂಡದ್ದೇನೆಂಬ ದಾಖಲೆ ಯುರೋಪಿನ ಓದುಗರನ್ನು ತಲುಪಲಿಲ್ಲ. ತಲುಪಿದ್ದು ಹಡಗಿನವರ ಸುದ್ದಿ, ಮತ್ತು ಅದನ್ನು ಆಧರಿಸಿ ಲೇಖಕ ಡ್ಯಾನಿಯಲ್ ಡಿಫೊ ಲಂಡನ್ನಿನ ಪತ್ರಿಕೆಯೊಂದರಲ್ಲಿ ಇಡೀ ದ್ವೀಪವೇ ಸಿಡಿದು ಸಮುದ್ರದಲ್ಲಿ ಇಲ್ಲವಾಯಿತೆಂದು ಬರೆದ ವರದಿ. ಆ ಬೆಟ್ಟದ ಲಿಖಿತ ಇತಿಹಾಸ ಹೀಗೆ ದೂರದ ಉತ್ಪ್ರೇಕ್ಷೆಯಿಂದ ಆರಂಭವಾಯಿತು, ಹತ್ತಿರದವರ ತಿಳಿವಳಿಕೆ ಅದರ ಹೊರಗೇ ಉಳಿಯಿತು.

1763ರ ಪ್ಯಾರಿಸ್ ಒಪ್ಪಂದದಿಂದ ದ್ವೀಪ ಬ್ರಿಟನ್ನಿನ ಪಾಲಾದ ಮೇಲೆ ಕಬ್ಬಿನ ತೋಟಗಳಿಗಾಗಿ ಭೂಮಿಯ ಹಸಿವು ಹೆಚ್ಚಿ, ಗರಿಫುನಾ ಜನರೊಡನೆ ಎರಡು ಯುದ್ಧಗಳಾದವು. 1796ರಲ್ಲಿ ಅವರು ಸೋತಾಗ ಬ್ರಿಟಿಷರು ಸುಮಾರು ಐದು ಸಾವಿರ ಜನರನ್ನು ಹಿಡಿದು ಬಲಿಸೋ ಎಂಬ ನೀರಿಲ್ಲದ ಪುಟ್ಟ ದ್ವೀಪದಲ್ಲಿ ಕೂಡಿಹಾಕಿದರು; ಅವರಲ್ಲಿ ಸುಮಾರು ಅರ್ಧದಷ್ಟು ಜನ ಅಲ್ಲಿಯೇ ಸತ್ತರು, ಉಳಿದವರನ್ನು 1797ರಲ್ಲಿ ಮಧ್ಯ ಅಮೆರಿಕದ ಕರಾವಳಿಯ ರೊಆಟಾನ್ ದ್ವೀಪಕ್ಕೆ ಗಡೀಪಾರು ಮಾಡಲಾಯಿತು. ಸೆರೆ ತಪ್ಪಿಸಿಕೊಂಡು ಉಳಿದ ಸಣ್ಣ ಗುಂಪುಗಳಿಗೆ ನೆಲೆಯಾದದ್ದು ತೋಟಗಾರರಿಗೆ ಅಷ್ಟಾಗಿ ಬೇಡವಾಗಿದ್ದ ಉತ್ತರದ ತುಂಡುಭೂಮಿ, ಅಂದರೆ ಜ್ವಾಲಾಮುಖಿಯ ಬುಡವೇ ಆಗಿದ್ದ ಮೋರ್ನ್ ರೋಂಡ್, ಸ್ಯಾಂಡಿ ಬೇ, ಓವಿಯಾ, ಫ್ಯಾನ್ಸಿ ಮುಂತಾದ ಜಾಗಗಳು. ಅವರಿಂದ ಕಿತ್ತುಕೊಂಡ ಈಶಾನ್ಯದ ಫಲವತ್ತಾದ ಬಯಲಿನಲ್ಲಿ ಗುಲಾಮರ ದುಡಿಮೆಯ ಮೇಲೆ ನಿಂತ ದೊಡ್ಡ ಕಬ್ಬಿನ ತೋಟಗಳು ಎದ್ದವು. ಆ ಫಲವತ್ತತೆಯೂ ಹಳೆಯ ಸ್ಫೋಟಗಳ ಬೂದಿಯ ಕೊಡುಗೆಯೇ ಆಗಿತ್ತು. ಬೆಟ್ಟದ ಅಡಿಯಲ್ಲಿ ಯಾರು ವಾಸಿಸಬೇಕೆಂಬುದನ್ನು ಹೀಗೆ ನಿಸರ್ಗ ನಿರ್ಧರಿಸಲಿಲ್ಲ, ಯುದ್ಧ ಮತ್ತು ಭೂಹಂಚಿಕೆ ನಿರ್ಧರಿಸಿದವು. ಮುಂದಿನ ಎರಡು ಶತಮಾನಗಳ ಪ್ರತಿ ಸ್ಫೋಟದಲ್ಲೂ ಮೊದಲು ಮನೆ ಬಿಡಬೇಕಾದವರ ಪಟ್ಟಿಯನ್ನು ಈ ನಿರ್ಧಾರವೇ ಬರೆದಿಟ್ಟಿತು.

1812ರ ಏಪ್ರಿಲ್ 27ರಂದು ಬೆಟ್ಟ ಮತ್ತೆ ಎಚ್ಚೆತ್ತು, ಏಪ್ರಿಲ್ 30ರ ರಾತ್ರಿ ಸ್ಫೋಟ ತುತ್ತತುದಿ ಮುಟ್ಟಿತು. ತೋಟಗಳು ಬೂದಿಯಲ್ಲಿ ಹೂತುಹೋದವು. ಈಶಾನ್ಯದ ರಬಾಕಾ ಹೊಳೆಯ ಪಾತ್ರ ತುಂಬಿಹೋಗಿ, ನೀರು ಮೇಲೆ ಕಾಣದೆ ಬೂದಿಯ ಒಳಗೇ ಇಂಗಿ ಹರಿಯುವ ಒಣಹೊಳೆಯಾಗಿ ಮಾರ್ಪಟ್ಟಿತು. ಸತ್ತವರ ಸಂಖ್ಯೆ ಐವತ್ತರ ಆಸುಪಾಸಿನಲ್ಲಿತ್ತು. ಮೇ 1ರಂದು ಪೂರ್ವಕ್ಕೆ ನೂರೈವತ್ತು ಕಿಲೋಮೀಟರಿಗೂ ದೂರದ ಬಾರ್ಬಡೋಸ್ ದ್ವೀಪದಲ್ಲಿ ಹಗಲೇ ಕತ್ತಲಾಗಿ ಬೂದಿ ಸುರಿಯಿತು. ಈ ಪ್ರದೇಶದಲ್ಲಿ ವರ್ಷದ ಬಹುಕಾಲ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವುದರಿಂದ, ಗಾಳಿಗೆ ಎದುರಾಗಿ ಬೂದಿ ಹೇಗೆ ಬಂತೆಂಬುದು ಆಗಿನವರಿಗೆ ಒಗಟಾಗಿತ್ತು; ನೆಲಮಟ್ಟದ ವಾಣಿಜ್ಯ ಮಾರುತಗಳ ಮೇಲೆ, ಹಲವು ಕಿಲೋಮೀಟರ್ ಎತ್ತರದಲ್ಲಿ, ವಿರುದ್ಧ ದಿಕ್ಕಿನ ಗಾಳಿ ಇರುತ್ತದೆಂಬುದಕ್ಕೆ ಆ ಬೂದಿಯೇ ಸಾಕ್ಷಿಯಾಯಿತು. ದ್ವೀಪದ ತೋಟಗಾರನೂ ವಕೀಲನೂ ಆಗಿದ್ದ ಹ್ಯೂ ಪೆರಿ ಕೀನ್ ಸ್ಥಳದಲ್ಲೇ ಬರೆದ ರೇಖಾಚಿತ್ರವನ್ನು ಆಧರಿಸಿ ಬ್ರಿಟಿಷ್ ಚಿತ್ರಕಾರ ಟರ್ನರ್ ಆ ರಾತ್ರಿಯ ಸ್ಫೋಟವನ್ನು ಚಿತ್ರಿಸಿ 1815ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದ. ಹೀಗೆ ಘಟನೆ ಕಲೆಗೂ ವಿಜ್ಞಾನದ ಕುತೂಹಲಕ್ಕೂ ಒದಗಿತು. ದ್ವೀಪದಲ್ಲಿ ಮಾತ್ರ ಬೆಟ್ಟವನ್ನು ಕಾಯುವ ಹೊಣೆಯನ್ನು ಯಾರಿಗೂ ವಹಿಸಲಿಲ್ಲ. ತೋಟಗಾರರ ಮನವಿಗಳು ನಷ್ಟಪರಿಹಾರವನ್ನು ಕೇಳಿದವು, ತೋಟಗಳು ಅದೇ ಜಾಗದಲ್ಲಿ ಮತ್ತೆ ಎದ್ದವು.

ಮುಂದಿನ ತೊಂಬತ್ತು ವರ್ಷ ಬೆಟ್ಟ ಹೆಚ್ಚುಕಡಿಮೆ ಶಾಂತವಾಗಿತ್ತು, ಮತ್ತು ಈ ಅವಧಿಯಲ್ಲಿ ಅದರ ಸುತ್ತಲಿನ ಸಮಾಜ ಪೂರ್ತಿ ಬದಲಾಯಿತು. 1838ರಲ್ಲಿ ಗುಲಾಮಗಿರಿಯಿಂದ ಸಂಪೂರ್ಣ ಬಿಡುಗಡೆ ಪಡೆದವರು ತೋಟಗಳನ್ನು ತೊರೆಯತೊಡಗಿದಾಗ, ತೋಟಗಾರರು ಹೊರಗಿನಿಂದ ಕೂಲಿಗಳನ್ನು ಕರಾರಿನ ಮೇಲೆ ತರಿಸಿದರು. ಮದ್ರಾಸಿನಿಂದ ಹೊರಟ ಟ್ರಾವಂಕೂರ್ ಎಂಬ ಹಡಗು 1861ರ ಜೂನ್ 1ರಂದು ಸುಮಾರು 260 ಭಾರತೀಯರನ್ನು ಅಲ್ಲಿ ಇಳಿಸಿತು. ಮುಂದಿನ ಎರಡು ದಶಕಗಳಲ್ಲಿ ಇನ್ನೂ ಹಲವು ಹಡಗುಗಳು ಬಂದವು. ದಕ್ಷಿಣ ಭಾರತದಿಂದ ಹೋದ ಈ ಕುಟುಂಬಗಳ ವಂಶಸ್ಥರು ಇಂದಿಗೂ ಆ ದೇಶದಲ್ಲಿದ್ದು, ಜೂನ್ 1ನ್ನು ಅಲ್ಲಿ ಭಾರತೀಯರ ಆಗಮನದ ದಿನವೆಂದು ಗುರುತಿಸಲಾಗುತ್ತದೆ. ಶತಮಾನದ ಕೊನೆಗೆ ಯುರೋಪಿನ ಬೀಟ್ ಸಕ್ಕರೆಯ ಪೈಪೋಟಿಯಿಂದ ಕಬ್ಬಿನ ಆರ್ಥಿಕತೆ ಕುಸಿದು, ನಮ್ಮ ಕಡೆಯ ಕೂವೆಗೆಡ್ಡೆಯನ್ನು ಹೋಲುವ ಆರಾರೂಟ್ ಬೆಳೆ ದ್ವೀಪದ ಮುಖ್ಯ ಆಧಾರವಾಯಿತು. ಆ ಆಧಾರವೂ ನಿಲ್ಲುವ ಮೊದಲೇ, 1898ರ ಸೆಪ್ಟೆಂಬರ್ 11ರಂದು ಭೀಕರ ಚಂಡಮಾರುತವೊಂದು ಅಪ್ಪಳಿಸಿ ಸುಮಾರು ಮುನ್ನೂರು ಜನರನ್ನು ಕೊಂದು, ಸಾವಿರಾರು ಮನೆಗಳನ್ನು ನೆಲಸಮ ಮಾಡಿತು. 1902ರ ಸ್ಫೋಟ ಬಂದೆರಗಿದ್ದು ಹೀಗೆ ನಾಲ್ಕು ವರ್ಷಗಳ ಹಿಂದಷ್ಟೇ ಬಿದ್ದು, ಇನ್ನೂ ಎದ್ದು ನಿಲ್ಲದಿದ್ದ ಬಡ ದ್ವೀಪದ ಮೇಲೆ.

ಆ ಸ್ಫೋಟ ಸೂಚನೆಯಿಲ್ಲದೆ ಬರಲಿಲ್ಲ. ಒಂದು ವರ್ಷಕ್ಕೂ ಮೊದಲೇ, 1901ರಲ್ಲಿ, ಬೆಟ್ಟದ ಪಶ್ಚಿಮದ ಬುಡದಲ್ಲಿದ್ದ ಮೂಲನಿವಾಸಿಗಳ ಹಳ್ಳಿಗಳಲ್ಲಿ ಭೂಮಿ ಪದೇ ಪದೇ ನಡುಗಿ, ಊರು ಬಿಡುವ ಮಾತು ಎದ್ದಿತ್ತು. 1902ರ ಏಪ್ರಿಲ್ ಕೊನೆಯ ಹೊತ್ತಿಗೆ ನಡುಕ ಹೆಚ್ಚಿತು. ಮೇ ಮೊದಲ ದಿನಗಳಲ್ಲಿ ನೆತ್ತಿಯ ಕುಳಿಯಲ್ಲಿದ್ದ ಸರೋವರದ ಬಣ್ಣ ಬದಲಾಗಿ ನೀರು ಕುದಿಯತೊಡಗಿತು. ಮೇ 6ರ ಮಧ್ಯಾಹ್ನ ಉಗಿಯ ಕಂಬಗಳು ಮೇಲೇರಿದಾಗ ಪಶ್ಚಿಮದ ತೀರದವರಿಗೆ ಅವು ಸ್ಪಷ್ಟವಾಗಿ ಕಂಡವು, ಅವರಲ್ಲಿ ಬಹುಪಾಲು ಜನ ದೋಣಿಗಳಲ್ಲೂ ಕಾಲ್ನಡಿಗೆಯಲ್ಲೂ ಶಾಟೋಬೆಲೇರ್ ಊರಿನತ್ತ ಮತ್ತು ಅದಕ್ಕೂ ದಕ್ಷಿಣಕ್ಕೆ ಹೊರಟರು. ಪೂರ್ವದ ತೀರದ ಪರಿಸ್ಥಿತಿ ಬೇರೆಯಾಗಿತ್ತು. ಅಟ್ಲಾಂಟಿಕ್ ಕಡೆಯಿಂದ ಬೀಸುವ ತೇವದ ಗಾಳಿ ಬೆಟ್ಟಕ್ಕೆ ತಡೆದು ಸದಾ ಮೋಡ ಕಟ್ಟುವುದರಿಂದ ಗಾಳಿಮುಖದ ಆ ಬದಿಯವರಿಗೆ ನೆತ್ತಿ ಕಾಣುತ್ತಿರಲಿಲ್ಲ; ಗುಡುಗಿನಂಥ ಸದ್ದು ಕೇಳಿದರೂ ಅದನ್ನು ಹಲವರು ಮಳೆಯ ಗುಡುಗೆಂದೇ ತಿಳಿದು, ಮೇ 7ರ ಬೆಳಿಗ್ಗೆ ಎಂದಿನಂತೆ ತೋಟದ ಕೆಲಸಕ್ಕೆ ಹೋದರು. ಅಪಾಯ ಖಚಿತವಾಗುವ ವೇಳೆಗೆ ಬೆಟ್ಟದಿಂದ ಇಳಿದ ಬಿಸಿ ಕೆಸರು ಹೊಳೆಗಳನ್ನು ತುಂಬಿ ದಕ್ಷಿಣದ ದಾರಿಯನ್ನು ಕತ್ತರಿಸಿಹಾಕಿತ್ತು. ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಕಾದ ಬೂದಿಯ ಪ್ರವಾಹ ಎರಡೂ ಬದಿಯಲ್ಲಿ ಸಮುದ್ರದವರೆಗೆ ಇಳಿಯಿತು.

ಸತ್ತ ಸುಮಾರು 1,600 ಜನರಲ್ಲಿ ಬಹುಪಾಲು ಗಾಳಿಮುಖದ ಬದಿಯವರು, ತೋಟದ ಕೂಲಿಗಳು ಮತ್ತು ಮೂಲನಿವಾಸಿಗಳು. ಬದುಕಿದವರ ವಿವರಗಳೂ ಅಷ್ಟೇ ಗಮನಾರ್ಹ. ಆರೆಂಜ್ ಹಿಲ್ ತೋಟದಲ್ಲಿ ರಮ್ ಮದ್ಯವನ್ನು ಶೇಖರಿಸುವ ನೆಲಮಾಳಿಗೆಗೆ ಹೊಕ್ಕು ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಿಕೊಂಡವರು ಉಳಿದರು, ತೆರೆದ ಕಿಟಕಿಗಳ ಕಟ್ಟಡಗಳಲ್ಲಿ ಕೂಡಿಕೊಂಡವರು ಸತ್ತರು. ಪ್ರವಾಹದ ಅಂಚಿನಲ್ಲಿ ಬಿಸಿಗಾಳಿ ಕೆಲವೇ ನಿಮಿಷಗಳಲ್ಲಿ ಹಾದುಹೋಗುವುದರಿಂದ ಒಂದು ಗಟ್ಟಿ ಗೋಡೆ, ಒಂದು ಮುಚ್ಚಿದ ಬಾಗಿಲು ಸಾವು ಬದುಕಿನ ಗೆರೆಯಾಗಿತ್ತು. ಇಡೀ ದುರಂತವನ್ನು ಒಟ್ಟಿಗೆ ನೋಡಿದಾಗ ಒಂದು ಸತ್ಯ ಎದ್ದುಕಾಣುತ್ತದೆ: ದ್ವೀಪದ ಒಂದು ತೀರದವರಿಗೆ ತಿಳಿದದ್ದು ಇನ್ನೊಂದು ತೀರದವರಿಗೆ ಹೊತ್ತಿಗೆ ಸರಿಯಾಗಿ ತಲುಪಿದ್ದರೆ, ಅಥವಾ ತಲುಪಿದ್ದನ್ನು ಊರು ಬಿಡುವ ಆದೇಶವಾಗಿ ಮಾರ್ಪಡಿಸುವ ಅಧಿಕಾರ ಯಾರಿಗಾದರೂ ಇದ್ದಿದ್ದರೆ, ಸತ್ತವರಲ್ಲಿ ಬಹಳ ಮಂದಿ ಬದುಕುತ್ತಿದ್ದರು. ಶಾಟೋಬೆಲೇರ್‌ನಿಂದ ರಾಜಧಾನಿ ಕಿಂಗ್ಸ್‌ಟೌನಿಗೆ ಟೆಲಿಫೋನ್ ಸುದ್ದಿ ಹೋಗಿತ್ತು. ಸುದ್ದಿ ಇತ್ತು, ಅದನ್ನು ಕ್ರಿಯೆಯಾಗಿಸುವ ಏರ್ಪಾಡು ಇರಲಿಲ್ಲ.

ಮರುದಿನವೇ, ಮೇ 8ರಂದು, ಉತ್ತರಕ್ಕಿರುವ ಫ್ರೆಂಚ್ ದ್ವೀಪ ಮಾರ್ಟಿನೀಕ್‌ನಲ್ಲಿ ಪೆಲೇ ಪರ್ವತ ಸಿಡಿದು ಸೇಂಟ್ ಪಿಯರ್ ನಗರದ ಸುಮಾರು 28,000 ಜನ ಸತ್ತದ್ದರಿಂದ ಜಗತ್ತಿನ ಗಮನ ಅತ್ತ ತಿರುಗಿತು. ಆದರೂ ಲಂಡನ್ನಿನ ರಾಯಲ್ ಸೊಸೈಟಿ ಕಳುಹಿಸಿದ ಟೆಂಪೆಸ್ಟ್ ಆಂಡರ್ಸನ್ ಮತ್ತು ಜಾನ್ ಫ್ಲೆಟ್ ಸೇಂಟ್ ವಿನ್ಸೆಂಟಿನಲ್ಲಿ ವಾರಗಟ್ಟಲೆ ತಿರುಗಿ, ಬದುಕಿದವರ ಮಾತುಗಳನ್ನು ಕೇಳಿ, ಬೂದಿಯ ಪದರಗಳನ್ನು ಅಳೆದು ಬರೆದ ವರದಿ, ಕಾದ ಬೂದಿ ದ್ರವದಂತೆ ಹರಿದು ಕೊಲ್ಲುತ್ತದೆಂಬುದನ್ನು ವಿಜ್ಞಾನಕ್ಕೆ ಮನದಟ್ಟು ಮಾಡಿಸಿದ ಮೊದಲ ಬರಹಗಳಲ್ಲಿ ಒಂದು. ಲಂಡನ್ನಿನಲ್ಲಿ ಪರಿಹಾರ ನಿಧಿ ಕೂಡಿತು, ನಿರಾಶ್ರಿತರಲ್ಲಿ ಕೆಲವರಿಗೆ ದಕ್ಷಿಣದಲ್ಲಿ ಹೊಸ ನೆಲೆ ಸಿಕ್ಕಿತು. 1903ರ ಮಾರ್ಚ್ ತಿಂಗಳ ಕೊನೆಯ ಸ್ಫೋಟದ ಬಳಿಕ ಬೆಟ್ಟ ತಣ್ಣಗಾದಾಗ, ಉತ್ತರದ ಊರುಗಳಿಗೆ ಜನ ಮರಳಿದರು. ಅವರಿಗೆ ಅಲ್ಲಿ ಭೂಮಿ ಇತ್ತು, ಪೂರ್ವಿಕರ ಸಮಾಧಿಗಳಿದ್ದವು, ಬೇರೆಲ್ಲೂ ಬದುಕಿನ ಖಾತರಿ ಇರಲಿಲ್ಲ. ಆ ಮರಳುವಿಕೆಯನ್ನು ಅಜ್ಞಾನವೆನ್ನುವುದು ಅನ್ಯಾಯ. ಆದರೆ ಮರಳಿದವರ ಬೆನ್ನಿಗೆ ಬೆಟ್ಟವನ್ನು ಕಾಯುವ ಶಾಶ್ವತ ಸಂಸ್ಥೆಯೊಂದನ್ನು ನಿಲ್ಲಿಸುವ ಕೆಲಸವನ್ನು ವಸಾಹತು ಸರ್ಕಾರ ಅರ್ಧ ಶತಮಾನ ಮಾಡಲಿಲ್ಲ.

ಅಂಥ ಸಂಸ್ಥೆ ಹುಟ್ಟಿದ್ದು ಬೇರೊಂದು ದ್ವೀಪದ ಭಯದಿಂದ. 1950 ಮತ್ತು 1951ರಲ್ಲಿ ನೆವಿಸ್ ದ್ವೀಪದ ಸುತ್ತ ಸರಣಿ ಭೂಕಂಪಗಳಾಗಿ ಜ್ವಾಲಾಮುಖಿಯ ಆತಂಕ ಹರಡಿದ ಬಳಿಕ, ಪೂರ್ವ ಕೆರಿಬಿಯನ್ನಿನ ಬ್ರಿಟಿಷ್ ಆಡಳಿತದ ದ್ವೀಪಗಳಿಗೆಲ್ಲ ಒಂದೇ ಭೂಕಂಪ ಸಂಶೋಧನಾ ಘಟಕವನ್ನು 1953ರಲ್ಲಿ ಟ್ರಿನಿಡಾಡ್‌ನಲ್ಲಿ ಸ್ಥಾಪಿಸಲಾಯಿತು. ಅದು ಮುಂದೆ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಭಾಗವಾಗಿ ಬೆಳೆಯಿತು. ಒಂದು ಸಣ್ಣ ದ್ವೀಪದಲ್ಲಿ ಸ್ಫೋಟ ಮೂರು ತಲೆಮಾರಿಗೊಮ್ಮೆ ಬಂದರೆ ಆ ದ್ವೀಪ ಒಂಟಿಯಾಗಿ ತಜ್ಞರನ್ನೂ ಉಪಕರಣಗಳನ್ನೂ ಸಾಕಲಾರದು. ಹತ್ತು ದ್ವೀಪಗಳು ಕೂಡಿದರೆ ಸದಾ ಎಲ್ಲಾದರೊಂದು ಕಡೆ ಬೆಟ್ಟ ಮಿಡಿಯುತ್ತಿರುತ್ತದೆ, ವಿದ್ಯೆ ತುಕ್ಕು ಹಿಡಿಯುವುದಿಲ್ಲ. ಕೆರಿಬಿಯನ್ನಿನ ಸಣ್ಣ ರಾಷ್ಟ್ರಗಳು ಕಂಡುಕೊಂಡ ಬಹುಮುಖ್ಯ ಪರಿಹಾರಗಳಲ್ಲಿ ಇದು ಒಂದು. 1971ರ ಕೊನೆಯಲ್ಲಿ ಸೂಫ್ರಿಯೇರ್ ಕುಳಿಯ ಸರೋವರದ ನಡುವೆ ಸದ್ದಿಲ್ಲದೆ ಲಾವಾದ ದಿಬ್ಬವೊಂದು ದ್ವೀಪದಂತೆ ಮೇಲೆದ್ದು 1972ರ ಮಾರ್ಚ್ ವೇಳೆಗೆ ಬೆಳೆಯುವುದನ್ನು ನಿಲ್ಲಿಸಿದಾಗ, ಆ ಘಟಕದ ವಿಜ್ಞಾನಿಗಳು ಅದನ್ನು ಹತ್ತಿರದಿಂದ ಅಳೆದರು. ಶಿಲಾಪಾಕ ಸಿಡಿಯದೆ ನಿಧಾನವಾಗಿ ಒಸರುವ ಇಂಥ ಉಗುಳುವಿಕೆಯನ್ನು ಉಕ್ಕುಮಾದರಿಯ ಚಟುವಟಿಕೆ ಎನ್ನಬಹುದು. ಅದು ಅಲ್ಲಿಗೇ ನಿಲ್ಲುವುದೋ ಸ್ಫೋಟಕ್ಕೆ ತಿರುಗುವುದೋ ಎಂಬುದೇ ಈ ಬೆಟ್ಟ ಒಡ್ಡುವ ಅತ್ಯಂತ ಕಠಿಣ ಪ್ರಶ್ನೆ.

ಆ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಆಗುವ ಹಾನಿ ಎರಡು ಬಗೆಯದು. ಎಚ್ಚರಿಕೆ ತಡವಾದರೆ 1902 ಮರುಕಳಿಸುತ್ತದೆ. ಎಚ್ಚರಿಕೆ ಸುಳ್ಳಾದರೆ ಮುಂದಿನ ಎಚ್ಚರಿಕೆಯನ್ನು ಜನ ನಂಬುವುದಿಲ್ಲ. 1976ರಲ್ಲಿ ಗ್ವಾಡೆಲೂಪ್ ದ್ವೀಪದ ಸೂಫ್ರಿಯೇರ್ ಹೊಗೆಯುಗುಳಿದಾಗ ಫ್ರೆಂಚ್ ಅಧಿಕಾರಿಗಳು ಸುಮಾರು 70,000 ಜನರನ್ನು ತಿಂಗಳುಗಟ್ಟಲೆ ಊರಿನಿಂದ ಹೊರಗಿಟ್ಟರು. ನಿರೀಕ್ಷಿಸಿದ ಮಹಾಸ್ಫೋಟ ಆಗಲೇ ಇಲ್ಲ, ವಿಜ್ಞಾನಿಗಳಲ್ಲಿ ಬಹಿರಂಗ ಜಗಳವಾಯಿತು, ದ್ವೀಪದ ಬದುಕು ಅಸ್ತವ್ಯಸ್ತವಾಯಿತು. ಮೂರು ವರ್ಷಗಳ ಬಳಿಕ ಸೇಂಟ್ ವಿನ್ಸೆಂಟಿನ ಸರದಿ ಬಂದಾಗ ಈ ನೆನಪು ಎಲ್ಲರಲ್ಲೂ ಹಸಿಯಾಗಿತ್ತು. 1979ರ ಏಪ್ರಿಲ್ 12ರಂದು ಕಂಪನ ಏಕಾಏಕಿ ಏರಿ, ಮರುದಿನ ಶುಭ ಶುಕ್ರವಾರದ ನಸುಕಿನಲ್ಲೇ ಬೆಟ್ಟ ಸಿಡಿಯಿತು. ಚರ್ಚೆಗೆ ಅವಕಾಶವೇ ಇಲ್ಲದಷ್ಟು ಕಡಿಮೆ ಸಮಯದಲ್ಲಿ ಸುಮಾರು 20,000 ಜನ ಬಸ್ಸು, ಲಾರಿ, ದೋಣಿಗಳಲ್ಲಿ ದಕ್ಷಿಣಕ್ಕೆ ಸಾಗಿದರು, ಸ್ಫೋಟಕ್ಕೆ ಯಾರೂ ಬಲಿಯಾಗಲಿಲ್ಲ. ಅಜ್ಜ ಅಜ್ಜಿಯರ ಬಾಯಲ್ಲಿ 1902ರ ಕಥೆ ಕೇಳಿದ್ದ ತಲೆಮಾರು ಆಗಿನ್ನೂ ಬದುಕಿತ್ತು. ಆದೇಶಕ್ಕೆ ಕಾಯದೆ ಹೊರಟವರು ಹಲವರಿದ್ದರು. ಅದೇ ವರ್ಷ ಅಕ್ಟೋಬರ್ 27ರಂದು ಬೂದಿ ತುಂಬಿದ ಹೊಲಗಳ ಈ ದೇಶ ಸ್ವತಂತ್ರವಾಯಿತು.

ಸ್ವಾತಂತ್ರ್ಯದ ನಂತರದ ನಾಲ್ಕು ದಶಕಗಳು, ನೆನಪನ್ನು ವ್ಯಕ್ತಿಗಳ ಬಾಯಿಂದ ಸಂಸ್ಥೆಗಳ ಕಡತಕ್ಕೆ ವರ್ಗಾಯಿಸಿದ ಕಾಲ. 1991ರಲ್ಲಿ ಕೆರಿಬಿಯನ್ ರಾಷ್ಟ್ರಗಳು ಬಾರ್ಬಡೋಸ್ ಕೇಂದ್ರವಾಗಿ ಜಂಟಿ ವಿಪತ್ತು ನಿರ್ವಹಣಾ ಸಂಸ್ಥೆಯನ್ನು ಕಟ್ಟಿಕೊಂಡವು. ಸೇಂಟ್ ವಿನ್ಸೆಂಟ್ ತನ್ನದೇ ರಾಷ್ಟ್ರೀಯ ತುರ್ತುಸ್ಥಿತಿ ನಿರ್ವಹಣಾ ಸಂಸ್ಥೆಯನ್ನು ರಚಿಸಿ, 2006ರ ಕಾಯ್ದೆಯಿಂದ ಅದಕ್ಕೆ ಶಾಸನದ ಬಲ ಕೊಟ್ಟಿತು. 2005ರಲ್ಲಿ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ದ್ವೀಪಮಾಲೆಯ ಜ್ವಾಲಾಮುಖಿ ಅಪಾಯಗಳ ನಕ್ಷಾಸಂಪುಟವನ್ನು ಪ್ರಕಟಿಸಿದರು. ಅದರಲ್ಲಿ ಸೇಂಟ್ ವಿನ್ಸೆಂಟ್ ದ್ವೀಪವನ್ನು ಕೆಂಪು, ಕಿತ್ತಳೆ, ಹಳದಿ, ಹಸಿರು ಎಂಬ ನಾಲ್ಕು ವಲಯಗಳಾಗಿ ಗುರುತಿಸಿ, ಸ್ಫೋಟವಾದರೆ ಯಾವ ಊರಿಗೆ ಏನಾಗಬಹುದೆಂದು ತೋರಿಸಲಾಯಿತು. ಬೆಟ್ಟದ ಸ್ಥಿತಿಯನ್ನು ಸೂಚಿಸುವ ಎಚ್ಚರಿಕೆಯ ಹಂತಗಳಿಗೂ ಅವೇ ನಾಲ್ಕು ಬಣ್ಣಗಳನ್ನು ಬಳಸಲಾಯಿತು. ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ, 1979ರ ಸ್ಫೋಟದ ನೆನಪಿನ ಆಸುಪಾಸಿನಲ್ಲಿ, ಶಾಲೆಗಳಲ್ಲೂ ಊರ ಸಭೆಗಳಲ್ಲೂ ಜ್ವಾಲಾಮುಖಿ ಜಾಗೃತಿ ಸಪ್ತಾಹ ನಡೆಸುವ ಪದ್ಧತಿ ಬೆಳೆಯಿತು. ಸ್ಫೋಟವನ್ನು ಕಂಡವರು ತೀರಿಕೊಂಡ ಮೇಲೂ ಕಾಣದ ಮಕ್ಕಳಿಗೆ ಅದರ ಅರಿವು ಉಳಿಯಲೆಂಬುದೇ ಅದರ ಉದ್ದೇಶವಾಗಿತ್ತು.

ಈ ವ್ಯವಸ್ಥೆಯ ಪರೀಕ್ಷೆ 2020ರ ಡಿಸೆಂಬರ್ ಕೊನೆಯ ವಾರದಲ್ಲಿ ಆರಂಭವಾಯಿತು. ಉಪಗ್ರಹಗಳು ಕುಳಿಯಲ್ಲಿ ಉಷ್ಣದ ಗುರುತನ್ನು ಕಂಡವು; ಪರಿಶೀಲಿಸಿದಾಗ 1979ರಲ್ಲಿ ಮೂಡಿದ್ದ ದಿಬ್ಬದ ಪಕ್ಕದಲ್ಲೇ ಹೊಸ ಲಾವಾ ದಿಬ್ಬವೊಂದು ಬೆಳೆಯುತ್ತಿತ್ತು. ಆ ಹೊತ್ತಿಗೆ ಒಂದು ಕಹಿಸತ್ಯವೂ ಎದುರಾಯಿತು: ನಾಲ್ಕು ದಶಕಗಳ ಶಾಂತಿಯಲ್ಲಿ ಬೆಟ್ಟದ ಮೇಲಿನ ಉಪಕರಣಗಳ ಜಾಲ ಸೊರಗಿ, ಹತ್ತಿರದಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದ ಕಂಪನಮಾಪಕ ಕೇಂದ್ರ ಒಂದೇ ಆಗಿತ್ತು. ಸರ್ಕಾರ ಕಿತ್ತಳೆ ಎಚ್ಚರಿಕೆ ಸಾರಿತು. ಸೇಂಟ್ ವಿನ್ಸೆಂಟ್ ಮೂಲದವರೇ ಆದ ಭೂವಿಜ್ಞಾನಿ ರಿಚರ್ಡ್ ರಾಬರ್ಟ್‌ಸನ್ ನೇತೃತ್ವದ ತಂಡ ಟ್ರಿನಿಡಾಡ್‌ನಿಂದ ಬಂದು, ಕೋವಿಡ್ ನಿರ್ಬಂಧಗಳ ನಡುವೆಯೇ, ಕೆಲವೇ ವಾರಗಳಲ್ಲಿ ಹೊಸ ಕಂಪನಮಾಪಕಗಳನ್ನೂ, ನೆಲದ ಉಬ್ಬುವಿಕೆಯನ್ನು ಅಳೆಯುವ ಜಿಪಿಎಸ್ ಕೇಂದ್ರಗಳನ್ನೂ, ಕ್ಯಾಮೆರಾಗಳನ್ನೂ ನೆಟ್ಟು ಜಾಲವನ್ನು ಮರುಕಟ್ಟಿತು. ಬೆಟ್ಟ ಮೂರು ತಿಂಗಳ ಕಾಲ ಒಸರುವ ಹಂತದಲ್ಲೇ ಇದ್ದದ್ದರಿಂದ ಈ ಕೆಲಸಕ್ಕೆ ಬಿಡುವು ಸಿಕ್ಕಿತು. 1979ರಂತೆ ಒಂದೇ ದಿನದಲ್ಲಿ ಸಿಡಿದಿದ್ದರೆ ಆ ಬಿಡುವು ಇರುತ್ತಿರಲಿಲ್ಲ.

ಆ ಮೂರು ತಿಂಗಳುಗಳಲ್ಲಿ ಉಪಕರಣಗಳಷ್ಟೇ ಮಹತ್ವದ ಇನ್ನೊಂದು ಕೆಲಸ ನಡೆಯಿತು. ವಿಜ್ಞಾನಿಗಳು ದಿನನಿತ್ಯ ರೇಡಿಯೊದಲ್ಲಿ, ಊರಿನವರದೇ ಆಡುಮಾತಿಗೆ ಹತ್ತಿರವಾದ ಭಾಷೆಯಲ್ಲಿ, ಬೆಟ್ಟ ಏನು ಮಾಡುತ್ತಿದೆ, ತಮಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂಬುದನ್ನು ಹೇಳುತ್ತ ಹೋದರು. ತುರ್ತು ಸಂಸ್ಥೆ ಹಳ್ಳಿಹಳ್ಳಿಯಲ್ಲಿ ಸಭೆ ನಡೆಸಿ, ವೃದ್ಧರು ಮತ್ತು ರೋಗಿಗಳ ಪಟ್ಟಿ, ವಾಹನಗಳ ವ್ಯವಸ್ಥೆ, ಆಶ್ರಯತಾಣಗಳ ಹಂಚಿಕೆ ಇವನ್ನು ಸಿದ್ಧಪಡಿಸಿತು. ಮಾರ್ಚ್ ಕೊನೆಯಲ್ಲಿ ಮತ್ತು ಏಪ್ರಿಲ್ ಮೊದಲ ವಾರದಲ್ಲಿ ಆಳದ ಬಂಡೆ ಬಿರಿಯುವುದನ್ನು ಸೂಚಿಸುವ ಕಂಪನಗಳು ಹೆಚ್ಚಿದವು. ಏಪ್ರಿಲ್ 8ರಂದು ಶಿಲಾಪಾಕ ಮತ್ತು ಅನಿಲ ಮೇಲೇರುತ್ತಿರುವುದನ್ನು ತೋರುವ ನಿರಂತರ ನಡುಕ ಕಾಣಿಸಿಕೊಂಡಾಗ, ವಿಜ್ಞಾನಿಗಳ ಸಲಹೆಯಂತೆ ಪ್ರಧಾನಮಂತ್ರಿ ರಾಲ್ಫ್ ಗೊನ್ಸಾಲ್ವಿಸ್ ಕೆಂಪು ಎಚ್ಚರಿಕೆ ಸಾರಿ ಉತ್ತರದ ಊರುಗಳನ್ನು ತೆರವುಗೊಳಿಸಲು ಆದೇಶಿಸಿದರು. ಒಂದು ದಿನವೂ ತುಂಬುವ ಮೊದಲೇ, ಏಪ್ರಿಲ್ 9ರ ಬೆಳಿಗ್ಗೆ 8 ಗಂಟೆ 41 ನಿಮಿಷಕ್ಕೆ, ಮೊದಲ ಸ್ಫೋಟ ಸಂಭವಿಸಿತು. 1902ರಲ್ಲಿ ಇಲ್ಲದಿದ್ದ ಕೊಂಡಿ ಇದೇ ಆಗಿತ್ತು: ಗುರುತಿಸಿದವರಿಂದ ನಿರ್ಧರಿಸುವವರಿಗೆ, ನಿರ್ಧರಿಸಿದವರಿಂದ ಮನೆಯಂಗಳಕ್ಕೆ, ಕೆಲವೇ ಗಂಟೆಗಳಲ್ಲಿ ಮಾತು ಸಾಗಿತು.

ಏಪ್ರಿಲ್ 22ರವರೆಗೆ ಮೂವತ್ತಕ್ಕೂ ಹೆಚ್ಚು ಸ್ಫೋಟಗಳಾದವು. 1812ರಂತೆಯೇ ಬಾರ್ಬಡೋಸ್ ಮತ್ತೆ ಬೂದಿಯಲ್ಲಿ ಮುಚ್ಚಿಹೋಯಿತು. ಊರು ಬಿಟ್ಟ ಸುಮಾರು 20,000 ಜನರಲ್ಲಿ ಕೆಲವು ಸಾವಿರ ಮಂದಿ ಶಾಲೆ ಮತ್ತು ಚರ್ಚುಗಳಲ್ಲಿ ತೆರೆದ ಎಂಬತ್ತಕ್ಕೂ ಹೆಚ್ಚು ಆಶ್ರಯತಾಣಗಳಲ್ಲಿ ಇದ್ದರೆ, ಉಳಿದ ಬಹುಪಾಲು ಜನರಿಗೆ ದಕ್ಷಿಣದ ಬಂಧುಗಳೂ ಸ್ನೇಹಿತರೂ ಮನೆಬಾಗಿಲು ತೆರೆದರು. ಸರ್ಕಾರದ ಯೋಜನೆಗಳಲ್ಲಿ ಅಂಕಿಯಾಗಿ ಕಾಣದ ಈ ಬಂಧುತ್ವದ ಜಾಲವೇ ಅತಿದೊಡ್ಡ ಆಶ್ರಯತಾಣವಾಗಿತ್ತೆಂಬುದನ್ನು ಇತಿಹಾಸ ಮರೆಯಬಾರದು. ನೀರಿನ ಪೂರೈಕೆ ಕೆಟ್ಟಾಗ ನೆರೆಯ ದ್ವೀಪಗಳಿಂದ ಹಡಗುಗಳಲ್ಲಿ ಕುಡಿಯುವ ನೀರು ಬಂತು. ವಿಪತ್ತು ಬಂದ ಕೂಡಲೇ ಬಳಸಿಕೊಳ್ಳಲೆಂದು 2020ರಲ್ಲೇ ವಿಶ್ವಬ್ಯಾಂಕಿನೊಡನೆ ಮಾಡಿಕೊಂಡಿದ್ದ ಒಪ್ಪಂದದಂತೆ 2 ಕೋಟಿ ಡಾಲರ್ ಸಾಲ ಕೆಲವೇ ದಿನಗಳಲ್ಲಿ ಕೈಸೇರಿತು. ಹಣದ ವಿಷಯದಲ್ಲೂ ಮುನ್ನೆಚ್ಚರಿಕೆ ಇರಬಹುದೆಂಬುದಕ್ಕೆ ಅದು ನಿದರ್ಶನ, ಅದು ಮರಳಿಸಬೇಕಾದ ಸಾಲವೆಂಬುದೂ ಅಷ್ಟೇ ನಿಜ. ಮೇ 6ರಂದು ಎಚ್ಚರಿಕೆ ಕಿತ್ತಳೆಗೆ ಇಳಿದ ಬಳಿಕ ಜನ ಹಂತಹಂತವಾಗಿ ಮರಳಿದರು. ಮರಳಿದ ಕಣಿವೆಗಳಲ್ಲಿ ಮಳೆ ಬಂದಾಗಲೆಲ್ಲ ಲಾಹಾರ್ ಇಳಿಯುತ್ತಿತ್ತು, ಜುಲೈ ಆರಂಭದಲ್ಲೇ ಎಲ್ಸಾ ಚಂಡಮಾರುತ ಇನ್ನಷ್ಟು ಛಾವಣಿಗಳನ್ನು ಹಾರಿಸಿತು.

ಪ್ರಾಣಹಾನಿ ಇಲ್ಲದಿದ್ದುದು ದೊಡ್ಡ ಸಾಧನೆ, ಆದರೆ ಹಾನಿಯೇ ಇಲ್ಲದಿರುವುದು ಬೇರೆ ಮಾತು. ಸ್ಫೋಟದ ದಿನಗಳಲ್ಲಿ ದನಕರುಗಳಿಗೆ ಮೇವು ನೀರು ಕೊಡಲೆಂದು ಕೆಲವರು ಅಪಾಯದ ವಲಯಕ್ಕೆ ಕದ್ದುಮುಚ್ಚಿ ಮರಳುತ್ತಿದ್ದರು. 1997ರ ಜೂನ್ 25ರಂದು ಮಾಂಟ್ಸೆರಾಟ್ ದ್ವೀಪದಲ್ಲಿ ನಿಷೇಧಿತ ವಲಯದೊಳಗಿದ್ದ 19 ಜನ ಬೂದಿಯ ಪ್ರವಾಹಕ್ಕೆ ಸಿಕ್ಕಿ ಸತ್ತದ್ದನ್ನು ಬಲ್ಲವರಿಗೆ ಇದರ ಗಾಂಭೀರ್ಯ ತಿಳಿಯುತ್ತದೆ. ಅವರಲ್ಲಿಯೂ ಹೊಲಗದ್ದೆ ನೋಡಿಕೊಳ್ಳಲು ಮರಳಿದ್ದ ರೈತರಿದ್ದರು. ಜೀವ ಉಳಿಸುವ ಆದೇಶ ಜೀವನೋಪಾಯವನ್ನು ಕಿತ್ತುಕೊಂಡರೆ ಆ ಆದೇಶ ಬಹುಕಾಲ ನಿಲ್ಲಲಾರದು. ಜ್ವಾಲಾಮುಖಿಯ ಸಿದ್ಧತೆ ಬೇರೆ ಅಪಾಯಗಳಿಗೆ ತಾನಾಗಿ ಗುರಾಣಿಯೂ ಆಗುವುದಿಲ್ಲ. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ದೇಶದ ದಕ್ಷಿಣ ತುದಿಯ ಯೂನಿಯನ್ ದ್ವೀಪದ ಮೇಲೆ ಹಾದಾಗ ಅಲ್ಲಿನ ಶೇಕಡಾ 90ರಷ್ಟು ಮನೆಗಳು ತೀವ್ರವಾಗಿ ಹಾಳಾದವೆಂದು ಸರ್ಕಾರವೇ ಹೇಳಿತು. ಗಾಳಿ ಬರುವುದು ದಿನಗಳ ಮೊದಲೇ ತಿಳಿದಿದ್ದರೂ ಚಿಕ್ಕ ದ್ವೀಪದಲ್ಲಿ ಓಡಿಹೋಗಲು ಜಾಗವಿರುವುದಿಲ್ಲ. ಅಲ್ಲಿ ರಕ್ಷಣೆ ನಿಂತಿರುವುದು ಛಾವಣಿಯ ಮೊಳೆಗಳ ಮೇಲೆ, ಗೋಡೆಯ ಕಬ್ಬಿಣದ ಮೇಲೆ, ಅವನ್ನು ಕೊಳ್ಳಲು ಬಡವನಿಗಿರುವ ಶಕ್ತಿಯ ಮೇಲೆ.

ಮೂರು ಶತಮಾನಗಳ ಈ ಇತಿಹಾಸದಲ್ಲಿ ವಿಪತ್ತಿನ ಗಾತ್ರವನ್ನು ನಿರ್ಧರಿಸಿದ್ದು ಸ್ಫೋಟದ ದಿನವಲ್ಲ, ಅದಕ್ಕೆ ಮುಂಚಿನ ಮೌನದ ವರ್ಷಗಳು. 1797ರ ಗಡೀಪಾರಿನ ಬಳಿಕದ ಭೂಹಂಚಿಕೆ ಯಾರನ್ನು ಬೆಟ್ಟದಡಿ ನಿಲ್ಲಿಸಿತು, 1812ರ ಬಳಿಕ ಯಾರೂ ಬೆಟ್ಟವನ್ನು ಏಕೆ ಕಾಯಲಿಲ್ಲ, 1953ರಲ್ಲಿ ದ್ವೀಪಗಳು ಕೂಡಿ ಏನು ಕಟ್ಟಿದವು, ಆ ಜಾಲ 2020ರ ವೇಳೆಗೆ ಒಂದೇ ಕೇಂದ್ರಕ್ಕೆ ಏಕೆ ಇಳಿಯಿತು ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರಗಳಲ್ಲೇ ಸಾವುಬದುಕಿನ ಲೆಕ್ಕ ಅಡಗಿದೆ. ಸೂಫ್ರಿಯೇರ್ ಮುಂದೆಯೂ ಸಿಡಿಯುವುದು ಖಂಡಿತ. ಅದರ ವಿರಾಮಗಳು ಸರ್ಕಾರಗಳ ಅವಧಿಗಿಂತ, ಹಲವು ಸಲ ಮನುಷ್ಯನ ಆಯುಷ್ಯಕ್ಕಿಂತ ದೀರ್ಘವಾಗಿವೆ. ಆದ್ದರಿಂದ ಆ ದೇಶದ ಮುಂದಿರುವ ಕೆಲಸ, 2021ರ ಯಶಸ್ಸನ್ನು ಕೊಂಡಾಡುವುದಕ್ಕಿಂತ, ಆ ಯಶಸ್ಸಿಗೆ ಕಾರಣವಾದ ಕಂಪನಮಾಪಕಗಳಿಗೂ ತಜ್ಞರಿಗೂ ಶಾಲೆಯ ಪಾಠಗಳಿಗೂ ಏನೂ ನಡೆಯದ ವರ್ಷಗಳಲ್ಲಿ ಹಣ ಕೊಡುತ್ತ ಹೋಗುವುದು, ಮತ್ತು ಉತ್ತರದ ಹಳ್ಳಿಗಳ ಜನರಿಗೆ ಬೆಟ್ಟದಡಿಯ ಹೊಲದ ಜೊತೆಗೆ ದಕ್ಷಿಣದಲ್ಲೂ ಒಂದು ಭದ್ರ ನೆಲೆಯನ್ನು ಒದಗಿಸುವುದು. ಅಂಥ ನೆಲೆಯನ್ನು ಅವರ ಪೂರ್ವಿಕರಿಂದ ಕಿತ್ತುಕೊಂಡ ಇತಿಹಾಸವಿರುವುದರಿಂದ, ಅದು ದಯೆಯ ಮಾತಾಗದೆ ಬಹುಕಾಲದಿಂದ ಸಲ್ಲಬೇಕಾಗಿರುವ ನ್ಯಾಯವಾಗುತ್ತದೆ.